ಮೇಜು ಬಿಟ್ಟು ಬಾರದ ಆಟಗಳು

ಕಂಪ್ಯೂಟರಿನ ಮುಂದೆ ಕುಳಿತು ಆಡುವವರ ಮೈ ಮುಂದಕ್ಕೆ ಬಾಗಿರುತ್ತದೆ. ಪರದೆ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿದ್ದು, ಬಲಗೈ ಮೌಸನ್ನು ಹಿಡಿದಿದ್ದರೆ ಎಡಗೈಯ ಬೆರಳುಗಳು ಕೀಬೋರ್ಡಿನ ಮೇಲೆ ಹರಡಿಕೊಂಡಿರುತ್ತವೆ. ಪರದೆಯ ಮೂಲೆಯ ಸಣ್ಣ ಅಕ್ಷರವನ್ನೂ ಕಣ್ಣು ಬಿಡದೆ ಓದುತ್ತಿರುತ್ತದೆ. ಟೀವಿಯ ಮುಂದೆ ಆಡುವವರ ಮೈ ಇದಕ್ಕೆ ತದ್ವಿರುದ್ಧವಾಗಿ ಹಿಂದಕ್ಕೆ ಒರಗಿರುತ್ತದೆ. ಪರದೆ ಎಂಟು ಹತ್ತು ಅಡಿ ಆಚೆ ಇರುತ್ತದೆ, ಎರಡೂ ಕೈಗಳಲ್ಲಿ ಹಿಡಿದ ಕಂಟ್ರೋಲರಿನ ಮೇಲೆ ಹೆಚ್ಚಾಗಿ ಓಡಾಡುವುದು ಹೆಬ್ಬೆರಳುಗಳು ಮಾತ್ರ, ಮತ್ತು ಸೋಫಾದ ಇನ್ನೊಂದು ತುದಿಯಲ್ಲಿ ತಮ್ಮನೋ ಗೆಳತಿಯೋ ತನ್ನ ಸರದಿಗೆ ಕಾಯುತ್ತ ಕುಳಿತಿರುವುದು ಅಪರೂಪವೇನಲ್ಲ.

ವಿಡಿಯೊ ಗೇಮುಗಳ ಲೋಕದ ಒಂದು ಹಳೆಯ ಹಂಬಲ ಹುಟ್ಟಿಕೊಂಡಿರುವುದು ಈ ಎರಡು ಭಂಗಿಗಳ ನಡುವಿನ ಜಾಗದಲ್ಲಿ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್‌ನಂತೆ ಆಟಕ್ಕೆಂದೇ ತಯಾರಾದ ಯಂತ್ರಗಳನ್ನು ಕನ್ಸೋಲ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಮಾತ್ರ ಸಿಗುವ ನಗರ ಕಟ್ಟುವ ಆಟ, ಸಾಮ್ರಾಜ್ಯ ಬೆಳೆಸುವ ಆಟ, ಸಾವಿರಾರು ಜನ ಒಂದೇ ಲೋಕದಲ್ಲಿ ಅಲೆಯುವ ಆಟಗಳು ತಮ್ಮ ಕನ್ಸೋಲಿಗೂ ಬರಬಾರದೇ ಎಂದು ಅವುಗಳ ಅಭಿಮಾನಿಗಳು ವರ್ಷಗಟ್ಟಲೆ ಕಾಯುತ್ತಾರೆ. ಒಂದು ಯಂತ್ರಕ್ಕೆ ಬರೆದ ಆಟವನ್ನು ಇನ್ನೊಂದು ಯಂತ್ರದಲ್ಲಿ ನಡೆಯುವಂತೆ ಮಾಡುವ ಕೆಲಸಕ್ಕೆ ಪೋರ್ಟ್ ಮಾಡುವುದು ಎಂದು ಹೆಸರು. ಅದು ಬರಿಯ ನಕಲು ತೆಗೆಯುವ ಕೆಲಸವೆಂದೂ, ಆಟ ಬಾರದಿದ್ದರೆ ಕನ್ಸೋಲಿನ ಶಕ್ತಿ ಸಾಲದು ಅಥವಾ ಕಂಪನಿಗೆ ಮನಸ್ಸಿಲ್ಲ ಎಂದೇ ಅರ್ಥವೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕಳೆದ ಮೂರು ದಶಕಗಳ ಇತಿಹಾಸವನ್ನು ನೋಡಿದರೆ ಶಕ್ತಿಯ ಪ್ರಶ್ನೆ ಎದುರಾದದ್ದು ಕೆಲವೇ ಸಲ; ಹೆಚ್ಚಿನ ಸಲ ತಡೆಯಾಗಿ ನಿಂತದ್ದು ಆಡುವವರ ಕೈ.

ಕರ್ನಾಟಕದಲ್ಲಿ ಈ ಹಂಬಲದ ಸ್ವರೂಪ ತುಸು ಬೇರೆ. ತೊಂಬತ್ತರ ದಶಕದಲ್ಲಿ ‘ಕ್ಯಾಸೆಟ್’ ಹಾಕಿ ಆಡುವ ಅಗ್ಗದ ಟೀವಿ ಗೇಮುಗಳು ಇಲ್ಲಿನ ಮನೆಗಳಲ್ಲಿ ಇದ್ದವಾದರೂ, ದುಬಾರಿಯಾದ ಅಸಲಿ ಕನ್ಸೋಲುಗಳು ವಿರಳವಾಗಿದ್ದವು. ಕಂಪ್ಯೂಟರು ಮಾತ್ರ ಮಕ್ಕಳ ಓದಿನ ಹೆಸರಿನಲ್ಲಿ ಒಳಗೆ ಬಂತು, ಓದು ಮುಗಿದ ಮೇಲೆ, ಕೆಲವೊಮ್ಮೆ ಓದಿನ ನಡುವೆಯೇ, ಆಟದ ಯಂತ್ರವಾಯಿತು. ಬೆಂಗಳೂರಿನ ಸೈಬರ್ ಸೆಂಟರುಗಳಲ್ಲಿ ಕೌಂಟರ್ ಸ್ಟ್ರೈಕ್ ಮತ್ತು ಏಜ್ ಆಫ್ ಎಂಪೈರ್ಸ್ ಕಲಿತ ಪೀಳಿಗೆ ಈಗ ಮನೆಯಲ್ಲಿ ದೊಡ್ಡ ಟೀವಿಯನ್ನೂ ಕನ್ಸೋಲನ್ನೂ ಇಟ್ಟುಕೊಂಡಿದ್ದು, ಅದರಲ್ಲಿ ಹುಡುಕುವುದು ಅದೇ ಹಳೆಯ ಆಟಗಳನ್ನು.

ತೋರುವ ಕೈ, ತಳ್ಳುವ ಹೆಬ್ಬೆರಳು

ಮೌಸು ಕೆಲಸ ಮಾಡುವ ರೀತಿ ಸರಳವಾದದ್ದು. ಕೈ ಎಷ್ಟು ಸರಿಯುತ್ತದೆಯೋ ಅದಕ್ಕೆ ತಕ್ಕಂತೆ ಪರದೆಯ ಮೇಲಿನ ಬಾಣ ಸರಿಯುತ್ತದೆ, ಕೈ ನಿಂತರೆ ಬಾಣವೂ ನಿಲ್ಲುತ್ತದೆ. ಆದ್ದರಿಂದ ಪರದೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಾರಿ, ಅಲ್ಲಿರುವ ಕಡಲೆಕಾಳಿನ ಗಾತ್ರದ ಗುರಿಯನ್ನು ಹಿಡಿಯುವುದಕ್ಕೆ ಅಭ್ಯಾಸವಿದ್ದವರಿಗೆ ಕ್ಷಣಮಾತ್ರ ಸಾಕು. ಕಂಟ್ರೋಲರಿನ ಮೇಲಿರುವ ಪುಟ್ಟ ಕೋಲಿನ ಲೆಕ್ಕ ಬೇರೆ. ಅದನ್ನು ಎಷ್ಟು ವಾಲಿಸಲಾಗುತ್ತದೆ ಎಂಬುದು ಬಾಣದ ಜಾಗವನ್ನು ನಿರ್ಧರಿಸುವುದಿಲ್ಲ, ಅದರ ವೇಗವನ್ನು ನಿರ್ಧರಿಸುತ್ತದೆ. ಜೋರಾಗಿ ವಾಲಿಸಿದರೆ ಬಾಣ ಗುರಿಯನ್ನು ದಾಟಿ ಹೋಗುತ್ತದೆ, ಮೆಲ್ಲಗೆ ವಾಲಿಸಿದರೆ ತಲುಪುವುದರೊಳಗೆ ಹೊತ್ತಾಗಿರುತ್ತದೆ. ನಕ್ಷೆಯ ಮೇಲೆ ಬೆರಳಿಟ್ಟು ಊರನ್ನು ತೋರಿಸುವುದಕ್ಕೂ, ಉದ್ದನೆಯ ಬಿದಿರಿನ ತುದಿಗೆ ಕಟ್ಟಿದ ಕಡ್ಡಿಯಿಂದ ಅದೇ ಊರನ್ನು ತೋರಿಸುವುದಕ್ಕೂ ಇರುವಷ್ಟು ಅಂತರ ಇವೆರಡರ ನಡುವೆ ಇದೆ.

ಇದರ ಮೇಲೆ ಗುಂಡಿಗಳ ಸಂಖ್ಯೆಯ ಪ್ರಶ್ನೆ. ಕೀಬೋರ್ಡಿನಲ್ಲಿ ನೂರರಷ್ಟು ಕೀಲಿಗಳಿದ್ದರೆ ಕಂಟ್ರೋಲರಿನಲ್ಲಿ ಇರುವುದು ಹದಿನಾರು ಹದಿನೇಳು ಗುಂಡಿಗಳು. ಓಡುವ, ಹಾರುವ, ಗುದ್ದುವ ಆಟಗಳಿಗೆ ಅಷ್ಟು ಧಾರಾಳವಾಗಿ ಸಾಕಾಗುವುದಷ್ಟೇ ಅಲ್ಲ, ಅಂಥ ಆಟಗಳಲ್ಲಿ ಕೋಲೇ ಮೌಸಿಗಿಂತ ಹಿತವಾದದ್ದು. ಕಷ್ಟ ಎದುರಾಗುವುದು ಹತ್ತಾರು ವಸ್ತುಗಳಿಗೆ ಒಂದೇ ಹೊತ್ತಿಗೆ ಬೇರೆಬೇರೆ ಆಜ್ಞೆ ಕೊಡಬೇಕಾದ ಆಟಗಳಲ್ಲಿ. ರಿಯಲ್ ಟೈಮ್ ಸ್ಟ್ರಾಟಜಿ ಎಂಬ ಬಗೆ ಅಂಥದ್ದು: ಚದುರಂಗದಂತೆ ಸರದಿಗೆ ಕಾಯುವ ಪದ್ಧತಿ ಅದರಲ್ಲಿಲ್ಲ, ಇಬ್ಬರೂ ಏಕಕಾಲಕ್ಕೆ ಕಟ್ಟಡ ಕಟ್ಟುತ್ತ, ಸೈನ್ಯ ಬೆಳೆಸುತ್ತ, ಕಾದಾಡುತ್ತ ಹೋಗುತ್ತಾರೆ, ಮತ್ತು ಕೈ ತಡವಾದವನು ಸೋಲುತ್ತಾನೆ. ಸ್ಟಾರ್‌ಕ್ರಾಫ್ಟ್‌ನ ನುರಿತ ಕೊರಿಯನ್ ಆಟಗಾರರು ನಿಮಿಷಕ್ಕೆ 300ಕ್ಕಿಂತ ಹೆಚ್ಚು ಕ್ರಿಯೆಗಳನ್ನು ನಡೆಸುತ್ತಾರೆ. ಎರಡು ಹೆಬ್ಬೆರಳುಗಳಿಂದ ಆ ವೇಗವನ್ನು ನಿರೀಕ್ಷಿಸುವುದು ಹಾರ್ಮೋನಿಯಂ ಬಾರಿಸುವವನ ಎಂಟು ಬೆರಳು ಕಟ್ಟಿ ಅದೇ ರಾಗ ಕೇಳಿದಂತೆ.

ಕನ್ಸೋಲಿನಲ್ಲೇ ಇದ್ದ ಪೂರ್ವಜ

ಹೀಗಿದ್ದೂ ಈ ಬಗೆಯ ಆಟಗಳ ಪೂರ್ವಜರಲ್ಲೊಂದು ಕನ್ಸೋಲಿನಲ್ಲೇ ಹುಟ್ಟಿತ್ತು ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಜಪಾನಿನ ಟೆಕ್ನೊಸಾಫ್ಟ್ 1989ರಲ್ಲಿ ಸೇಗಾ ಮೆಗಾ ಡ್ರೈವ್‌ಗೆ ತಂದ ಹೆರ್ತ್‌ಸೋಗ್ ತ್ಸ್ವೈ ಎಂಬ ಆಟದಲ್ಲಿ ತೋರುಬಾಣವೇ ಇರಲಿಲ್ಲ. ಆಟಗಾರನ ಕೈಯಲ್ಲಿದ್ದದ್ದು ರೋಬಾಟಾಗಿ ರೂಪ ಬದಲಿಸಬಲ್ಲ ಒಂದು ವಿಮಾನ. ಅದು ತನ್ನ ಟ್ಯಾಂಕುಗಳನ್ನು ತಾನೇ ಎತ್ತಿಕೊಂಡು ಹೋಗಿ ರಣರಂಗದಲ್ಲಿ ಇಳಿಸಿ, ಏನು ಮಾಡಬೇಕೆಂದು ಆಜ್ಞೆ ಕೊಟ್ಟು ಬರುತ್ತಿತ್ತು. ಮೇಲಿನಿಂದ ನೋಡುತ್ತ ಬೆರಳು ತೋರಿಸುವ ದೇವರ ಪಾತ್ರದ ಬದಲು ಓಡಾಡುವ ದಂಡನಾಯಕನ ಪಾತ್ರವನ್ನು ಕೊಟ್ಟ ಈ ಆಟ, ಕಂಟ್ರೋಲರಿನ ಸ್ವಭಾವವನ್ನು ಮೊದಲೇ ಒಪ್ಪಿಕೊಂಡು ಅದರಿಂದ ಯುದ್ಧವನ್ನು ಕಟ್ಟಿತ್ತು.

ಆ ದಾರಿ ಮುಂದುವರಿಯಲಿಲ್ಲ. 1992ರಲ್ಲಿ ಅಮೆರಿಕದ ವೆಸ್ಟ್‌ವುಡ್ ಸ್ಟುಡಿಯೊಸ್ ತಂದ ಡ್ಯೂನ್ 2, ಮೌಸನ್ನೇ ನಂಬಿದ ಮಾದರಿಯನ್ನು ಸ್ಥಿರಪಡಿಸಿತು, ನಂತರದ ಕಮಾಂಡ್ ಆಂಡ್ ಕಾಂಕರ್, ವಾರ್‌ಕ್ರಾಫ್ಟ್, ಸ್ಟಾರ್‌ಕ್ರಾಫ್ಟ್‌ಗಳು ಅದನ್ನೇ ಹಿಡಿದು ಬೆಳೆದವು. ಅವುಗಳನ್ನು ಕನ್ಸೋಲಿಗೆ ತರುವ ಪ್ರಯತ್ನಗಳೂ ಬೆನ್ನಿಗೇ ನಡೆದವು. ಕಮಾಂಡ್ ಆಂಡ್ ಕಾಂಕರ್‌ನ ಪ್ಲೇಸ್ಟೇಷನ್ ಆವೃತ್ತಿಯನ್ನು ಆ ಯಂತ್ರಕ್ಕೆಂದೇ ಮಾರುತ್ತಿದ್ದ ಮೌಸಿನಿಂದಲೂ ಆಡಬಹುದಾಗಿತ್ತು. ಎಂದರೆ ಕಂಟ್ರೋಲರ್ ಸಾಲದು ಎಂಬುದನ್ನು ಆಟ ತಂದವರೇ ಅರ್ಧ ಒಪ್ಪಿಕೊಂಡಿದ್ದರು.

ಪಾಠ ಕಲಿಸಿದ್ದು ಸ್ಟಾರ್‌ಕ್ರಾಫ್ಟ್. 1998ರ ಈ ಕಂಪ್ಯೂಟರ್ ಆಟ 2000ದಲ್ಲಿ ನಿಂಟೆಂಡೊ 64 ಯಂತ್ರಕ್ಕೆ ಬಂತು. ಕಂಪ್ಯೂಟರಿನಲ್ಲಿ ಅದು 16 ಎಂ.ಬಿ. ಮೆಮೊರಿ ಕೇಳುತ್ತಿತ್ತು, ನಿಂಟೆಂಡೊ ಯಂತ್ರದಲ್ಲಿದ್ದದ್ದು 4 ಎಂ.ಬಿ., ಹೆಚ್ಚುವರಿ ತುಂಡೊಂದನ್ನು ಕೊಂಡು ಸಿಕ್ಕಿಸಿದರೆ 8. ಸಿ.ಡಿ.ಯಲ್ಲಿ ಹರಡಿಕೊಂಡಿದ್ದ ಆಟವನ್ನು ಕಾರ್ಟ್ರಿಜ್ ಒಂದರೊಳಗೆ ಮಡಚಿ ತುಂಬಿದ ಆ ತಂತ್ರಜ್ಞರ ಶ್ರಮ ಅಸಾಧಾರಣವಾದದ್ದು. ಆದರೆ ಸ್ಟಾರ್‌ಕ್ರಾಫ್ಟ್ ಜೀವ ಹಿಡಿದದ್ದು ಇಂಟರ್ನೆಟ್ಟಿನಲ್ಲಿ ಅಪರಿಚಿತರೊಡನೆ ನಡೆಯುವ ಹೋರಾಟದಿಂದ, ಮತ್ತು ಆ ಕನ್ಸೋಲಿನ ಆವೃತ್ತಿಯಲ್ಲಿ ಅದಿರಲಿಲ್ಲ. ಬದಲಿಗೆ ಒಂದೇ ಟೀವಿಯನ್ನು ಎರಡು ಭಾಗ ಮಾಡಿ ಇಬ್ಬರು ಆಡಬಹುದಾಗಿತ್ತು; ಶತ್ರು ಎಲ್ಲಿ ಏನು ಕಟ್ಟುತ್ತಿದ್ದಾನೆಂದು ತಿಳಿಯದಿರುವುದೇ ಸ್ವಾರಸ್ಯವಾದ ಆಟದಲ್ಲಿ ಶತ್ರುವಿನ ಅರ್ಧ ಪರದೆ ಕಣ್ಣೆದುರಿಗೇ ಇರುತ್ತಿತ್ತು. ಆಟ ಬಂದಿತ್ತು, ಅದರ ಗುಟ್ಟು ಬಂದಿರಲಿಲ್ಲ.

ಏಜ್ ಆಫ್ ಎಂಪೈರ್ಸ್ ನಡೆದ ದಾರಿ

ಕನ್ಸೋಲಿಗೆ ಬರಲಿ ಎಂದು ಬಹುಕಾಲ ಬಯಸಲಾದ ಆಟಗಳಲ್ಲಿ ಏಜ್ ಆಫ್ ಎಂಪೈರ್ಸ್ 2ಕ್ಕೆ ವಿಶೇಷ ಸ್ಥಾನವಿದೆ, ಏಕೆಂದರೆ ಅದು ಒಂದಲ್ಲ ಮೂರು ಸಲ ಆ ಹೊಸ್ತಿಲನ್ನು ತುಳಿದಿದೆ. ಅಮೆರಿಕದ ಟೆಕ್ಸಸ್‌ನ ಎನ್‌ಸೆಂಬಲ್ ಸ್ಟುಡಿಯೊಸ್ ರೂಪಿಸಿ ಮೈಕ್ರೊಸಾಫ್ಟ್ ಪ್ರಕಟಿಸಿದ ಈ ಆಟ 1999ರಲ್ಲಿ ಕಂಪ್ಯೂಟರಿಗೆ ಬಂತು. ಆಹಾರ, ಮರ, ಚಿನ್ನ, ಕಲ್ಲುಗಳನ್ನು ದುಡಿದು ತರುವ ಹಳ್ಳಿಗರಿಂದ ಮೊದಲಾಗಿ ಕೋಟೆ, ಕುದುರೆಪಡೆಗಳವರೆಗೆ ಒಂದು ರಾಜ್ಯವನ್ನು ಬೆಳೆಸುವುದು ಅದರ ಸಾರ. ಕೆಲಸವಿಲ್ಲದೆ ನಿಂತ ಹಳ್ಳಿಗನನ್ನು ಹುಡುಕಲು ಪೂರ್ಣವಿರಾಮದ ಕೀಲಿ, ಊರಿನ ಕೇಂದ್ರಕ್ಕೆ ಹಾರಲು ಎಚ್ ಕೀಲಿ ಎಂಬಂತೆ ಅಭ್ಯಾಸವಾದವರ ಎಡಗೈ ಕಣ್ಣಿನ ಸಹಾಯವಿಲ್ಲದೆ ಆಡಳಿತ ನಡೆಸುತ್ತದೆ.

ಮೊದಲ ಪ್ರಯತ್ನವಾಗಿ ಜಪಾನಿನ ಕೊನಾಮಿ ಕಂಪನಿ ಈ ಶತಮಾನದ ಆರಂಭದಲ್ಲೇ ಇದನ್ನು ಪ್ಲೇಸ್ಟೇಷನ್ 2ಕ್ಕೆ ತಂದಿತು. ಇದು ಮೂಲದ ನೇರ ಪ್ರತಿಯಾಗಿದ್ದು, ಯು.ಎಸ್.ಬಿ. ಮೌಸು, ಕೀಬೋರ್ಡುಗಳನ್ನು ಜೋಡಿಸಿ ಆಡುವ ಅವಕಾಶವಿತ್ತು. ಜಪಾನ್ ಮತ್ತು ಯೂರೋಪಿನಲ್ಲಿ ಮಾರಾಟವಾದ ಈ ಆವೃತ್ತಿಯನ್ನು ಇಂದು ನೆನೆಯುವವರು ಸಂಗ್ರಾಹಕರಷ್ಟೆ. ಮೌಸು, ಕೀಬೋರ್ಡುಗಳನ್ನು ತೊಡೆಯ ಮೇಲಿಟ್ಟುಕೊಂಡೇ ಆಡಬೇಕೆಂದಾದರೆ ಸೋಫಾದಲ್ಲಿ ಕೂರುವುದರ ಪ್ರಯೋಜನವೇನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಎರಡನೆಯ ಸಲ ಎನ್‌ಸೆಂಬಲ್ ತಾನೇ ಕೈಹಾಕಿತು, ಆದರೆ ಹಳೆಯ ಆಟವನ್ನು ತರುವ ಬದಲು ಹೊಸದನ್ನೇ ಕಟ್ಟಿತು. ತಮ್ಮ ಏಜ್ ಆಫ್ ಮಿಥಾಲಜಿಯ ಚೌಕಟ್ಟಿಗೆ ಕಂಟ್ರೋಲರನ್ನು ಜೋಡಿಸಿ ಪ್ರಯೋಗ ಮಾಡುತ್ತ ಹೋದ ಅಲ್ಲಿನ ವಿನ್ಯಾಸಕಾರರು ಕೊನೆಗೆ ತಲುಪಿದ್ದು 2009ರ ಹೇಲೊ ವಾರ್ಸ್‌ಗೆ. ಅದರಲ್ಲಿ ಕಟ್ಟಡಗಳನ್ನು ಬೇಕಾದಲ್ಲಿ ಕಟ್ಟುವಂತಿಲ್ಲ, ನೆಲೆಯ ಸುತ್ತಲಿನ ನಿಗದಿತ ಜಾಗಗಳಲ್ಲಿ ಮಾತ್ರ ಎಬ್ಬಿಸಬೇಕು. ಆಯ್ಕೆಗಳು ಗಡಿಯಾರದ ಮುಖದಂತೆ ವೃತ್ತಾಕಾರದಲ್ಲಿ ಅರಳುತ್ತವೆ, ಕೋಲನ್ನು ಆ ದಿಕ್ಕಿಗೆ ವಾಲಿಸಿದರಾಯಿತು. ಒಂದು ಗುಂಡಿ ಒತ್ತಿದರೆ ಇಡೀ ಸೈನ್ಯ ಒಮ್ಮೆಗೇ ಎದ್ದು ನಿಲ್ಲುತ್ತದೆ. ಕಂಪ್ಯೂಟರ್ ಆಟಗಾರರಿಗೆ ಇದು ಸರಳವಾಯಿತೆನ್ನಿಸಿದ್ದು ಸಹಜ, ಆದರೆ ಹೆಬ್ಬೆರಳಿಗೆ ಹೊಂದುವ ಯುದ್ಧ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ಉತ್ತರ ಆವರೆಗೆ ಬಂದಿರಲಿಲ್ಲ. ದುರದೃಷ್ಟವೆಂದರೆ ಆಟ ಅಂಗಡಿಗೆ ಬರುವ ಕೆಲವೇ ವಾರಗಳ ಮೊದಲು ಮೈಕ್ರೊಸಾಫ್ಟ್ ಆ ಸ್ಟುಡಿಯೊವನ್ನು ಮುಚ್ಚಿತು.

ಮೂರನೆಯ ಸಲ, 2023ರ ಜನವರಿಯಲ್ಲಿ, ಏಜ್ ಆಫ್ ಎಂಪೈರ್ಸ್ 2ರ ನವೀಕೃತ ರೂಪ ಎಕ್ಸ್‌ಬಾಕ್ಸಿಗೆ ಬಂದಾಗ ಮೊದಲ ಎರಡು ಪ್ರಯತ್ನಗಳ ಪಾಠ ಒಂದಾಗಿತ್ತು. ಮೌಸು, ಕೀಬೋರ್ಡು ಬೇಕೆನ್ನುವವರಿಗೆ ಅವೂ ಉಂಟು. ಕಂಟ್ರೋಲರ್ ಹಿಡಿದವರಿಗೆ ವೃತ್ತಾಕಾರದ ಪಟ್ಟಿಗಳ ಜೊತೆಗೆ ಇನ್ನೊಂದು ಅನುಕೂಲ ಸೇರಿತು: ಆಹಾರಕ್ಕೆ ಹೆಚ್ಚು ಗಮನ ಬೇಕೋ ಚಿನ್ನಕ್ಕೋ ಎಂಬ ನೀತಿಯನ್ನು ಮಾತ್ರ ಆಟಗಾರ ನಿರ್ಧರಿಸಿದರೆ ಸಾಕು, ಯಾವ ಹಳ್ಳಿಗ ಯಾವ ಮರದ ಬಳಿ ಹೋಗಬೇಕೆಂಬುದನ್ನು ಆಟವೇ ನೋಡಿಕೊಳ್ಳುತ್ತದೆ. ಒಬ್ಬೊಬ್ಬ ಹಳ್ಳಿಗನ ಹಿಂದೆ ಓಡಾಡುತ್ತಿದ್ದ ಶಾನುಭೋಗಿಕೆಯಿಂದ ಆಟಗಾರನಿಗೆ ಬಡ್ತಿ ಸಿಕ್ಕಿ ಅವನು ದಿವಾನನಾದ ಎನ್ನಬಹುದು. ಅದೇ ಆಟ ಹೌದೇ ಎಂದು ಕೇಳಿದರೆ ಹಳೆಯ ಅಭಿಮಾನಿಗಳಲ್ಲಿ ಒಮ್ಮತವಿರಲಾರದು. 2025ರಲ್ಲಿ ಅದು ಪ್ಲೇಸ್ಟೇಷನ್ 5ಕ್ಕೂ ಬಂದು, ಕೊನಾಮಿಯ ಆವೃತ್ತಿಯ ನಂತರ ಎರಡು ದಶಕ ದಾಟಿ ಸೋನಿಯ ಯಂತ್ರದಲ್ಲಿ ಮತ್ತೆ ಕಾಣಿಸಿಕೊಂಡಿತು.

ಮೆಮೊರಿಯ ಲೆಕ್ಕ

ಯಂತ್ರದ ಶಕ್ತಿ ನಿಜವಾಗಿಯೂ ಅಡ್ಡ ಬಂದ ಸಂದರ್ಭಗಳಿಲ್ಲವೆಂದಲ್ಲ. 2007ರ ಕ್ರೈಸಿಸ್ ಅಂದಿನ ಕಂಪ್ಯೂಟರುಗಳನ್ನೇ ಏದುಸಿರು ಬಿಡಿಸಿದ ಆಟ. ಎಕ್ಸ್‌ಬಾಕ್ಸ್ 360ರ ಒಟ್ಟು ಮೆಮೊರಿ 512 ಎಂ.ಬಿ. ಆಗಿದ್ದ ಕಾಲದಲ್ಲಿ ಅದು ಕನ್ಸೋಲಿಗೆ ಬರಲು 2011ರವರೆಗೆ ಕಾಯಬೇಕಾಯಿತು, ಬಂದಾಗಲೂ ವಿಮಾನ ಹಾರಿಸುವ ಒಂದು ಇಡೀ ಅಧ್ಯಾಯ ಬಿಟ್ಟುಹೋಗಿತ್ತು. ಕೊನೆಯೇ ಇಲ್ಲವೆನ್ನುವಷ್ಟು ದೂರ ಹಬ್ಬುವ ಮೈನ್‌ಕ್ರಾಫ್ಟ್‌ನ ಲೋಕ 2012ರಲ್ಲಿ ಅದೇ ಎಕ್ಸ್‌ಬಾಕ್ಸಿಗೆ ಬಂದಾಗ ಅಗಲ ಉದ್ದ 864 ಇಟ್ಟಿಗೆಗಳ ಚೌಕಕ್ಕೆ ಕುಗ್ಗಿತ್ತು, ಅಂಚಿಗೆ ಹೋದರೆ ಕಾಣದ ಗೋಡೆ ತಡೆಯುತ್ತಿತ್ತು. ಹತ್ತು ವರ್ಷ ಕಳೆದ ಮೇಲೂ ಕತೆ ಪೂರ್ತಿ ಬದಲಾಗಲಿಲ್ಲ. 2023ರ ಬಾಲ್ಡರ್ಸ್ ಗೇಟ್ 3 ಕಂಪ್ಯೂಟರಿಗೆ ಆಗಸ್ಟಿನಲ್ಲೂ ಪ್ಲೇಸ್ಟೇಷನ್ 5ಕ್ಕೆ ಸೆಪ್ಟೆಂಬರಿನಲ್ಲೂ ಬಂದರೆ, ಎಕ್ಸ್‌ಬಾಕ್ಸಿಗೆ ಬಂದದ್ದು ಡಿಸೆಂಬರಿನಲ್ಲಿ. ಆ ಬಳಗದ ಅಗ್ಗದ ಯಂತ್ರವಾದ ಸೀರೀಸ್ ಎಸ್‌ನಲ್ಲಿ ಪರದೆಯನ್ನು ಇಬ್ಬಾಗ ಮಾಡಿ ಇಬ್ಬರು ಆಡುವ ಸೌಲಭ್ಯ ನಡೆಯದೆ, ಅದನ್ನು ಬಿಟ್ಟು ಬಿಡುಗಡೆ ಮಾಡಲು ಮೈಕ್ರೊಸಾಫ್ಟ್ ಒಪ್ಪಬೇಕಾಯಿತು. ನಗರ ಕಟ್ಟುವ ಸಿಟೀಸ್ ಸ್ಕೈಲೈನ್ಸ್ 2 ಅದೇ ವರ್ಷ ಕಂಪ್ಯೂಟರಿಗೆ ಬಂದು ಅಲ್ಲಿಯೇ ಕುಂಟಿದ್ದರಿಂದ ಅದರ ಕನ್ಸೋಲ್ ಆವೃತ್ತಿ ಮತ್ತೆಮತ್ತೆ ಮುಂದಕ್ಕೆ ಹೋಯಿತು.

ಬಾಗಿಲು ಕಾಯುವವರು

ಕಂಪ್ಯೂಟರ್ ಬಹುಮಟ್ಟಿಗೆ ಬಯಲು, ಕನ್ಸೋಲ್ ಕಾಂಪೌಂಡಿನೊಳಗಿನ ಮನೆ. ಕಂಪ್ಯೂಟರಿಗೆ ಆಟ ಬರೆದವರು ಯಾರ ಅಪ್ಪಣೆಯೂ ಇಲ್ಲದೆ ಅದನ್ನು ಹಂಚಬಹುದು. ಕನ್ಸೋಲಿಗಾದರೆ ಯಂತ್ರ ತಯಾರಿಸಿದ ಕಂಪನಿಯೊಡನೆ ಒಪ್ಪಂದವಾಗಬೇಕು, ಆಟ ರೂಪಿಸುವವರಿಗೆಂದೇ ಇರುವ ವಿಶೇಷ ಯಂತ್ರ ಸಿಗಬೇಕು, ಕೊನೆಗೆ ಆ ಕಂಪನಿಯ ಪರೀಕ್ಷೆಯಲ್ಲಿ ಆಟ ತೇರ್ಗಡೆಯಾಗಬೇಕು. ಆಟದ ನಡುವೆ ಕಂಟ್ರೋಲರಿನ ಸಂಪರ್ಕ ಕಡಿದರೆ ಆಟ ತಾನಾಗಿ ನಿಲ್ಲುತ್ತದೆಯೇ, ಸಂಗ್ರಹದ ಜಾಗ ತುಂಬಿದ್ದಾಗ ಏನು ಸಂದೇಶ ಬರುತ್ತದೆ ಎಂಬಂಥ ಪುಟಗಟ್ಟಲೆ ನಿಯಮಗಳು ಆ ಪರೀಕ್ಷೆಯಲ್ಲಿರುತ್ತವೆ. ಕೊಳ್ಳುವವರ ದೃಷ್ಟಿಯಿಂದ ಇದು ಒಳ್ಳೆಯದೇ. ಕನ್ಸೋಲಿನ ಆಟ ಹಾಕಿದ ಕೂಡಲೇ ನಡೆಯುತ್ತದೆ ಎಂಬ ಭರವಸೆಗೆ ಈ ಕಾವಲು ಕಾರಣ.

ಆದರೆ ಬಯಲಿನಲ್ಲಿ ಬೆಳೆದ ಕೆಲವು ಗಿಡಗಳನ್ನು ಕುಂಡಕ್ಕೆ ತರಲಾಗುವುದಿಲ್ಲ. ಆಟಗಾರರೇ ಆಟವನ್ನು ತಿದ್ದಿ ಹೊಸ ಭೂಪಟ, ಹೊಸ ಪಾತ್ರ, ಕೆಲವೊಮ್ಮೆ ಹೊಸ ಆಟವನ್ನೇ ಮಾಡಿ ಹಂಚಿಕೊಳ್ಳುವ ಪದ್ಧತಿಗೆ ಮಾಡ್ ಎನ್ನುತ್ತಾರೆ. ಕೌಂಟರ್ ಸ್ಟ್ರೈಕ್ 1999ರಲ್ಲಿ ಹುಟ್ಟಿದ್ದು ಹಾಫ್ ಲೈಫ್ ಎಂಬ ಆಟದ ಮಾಡ್ ಆಗಿ, ಡೋಟಾ ಹುಟ್ಟಿದ್ದು ವಾರ್‌ಕ್ರಾಫ್ಟ್ 3ರ ಮಾಡ್ ಆಗಿ. ಇಂಥ ತಿದ್ದುಪಡಿಗಳನ್ನು ಕನ್ಸೋಲಿನ ಕಾವಲುಗಾರರು ಸಹಜವಾಗಿಯೇ ಅನುಮಾನದಿಂದ ನೋಡುತ್ತಾರೆ. ಫಾಲ್‌ಔಟ್ 4ರ ಮಾಡ್‌ಗಳು 2016ರ ಮೇ ತಿಂಗಳಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ ಬಂದರೆ, ಪ್ಲೇಸ್ಟೇಷನ್ 4ರ ವಿಷಯದಲ್ಲಿ ಸೋನಿ ಮತ್ತು ಆಟ ತಂದ ಬೆಥೆಸ್ಡಾ ಕಂಪನಿಗಳ ನಡುವೆ ಜಗ್ಗಾಟ ನಡೆದು, ಆ ವರ್ಷದ ಕೊನೆಗೆ ಬಂದಾಗ ಹೊರಗಿನ ಹೊಸ ಚಿತ್ರ, ಧ್ವನಿಗಳನ್ನು ಸೇರಿಸುವಂತಿರಲಿಲ್ಲ. ಇದ್ದ ಇಟ್ಟಿಗೆಗಳನ್ನೇ ಮರುಜೋಡಿಸಬಹುದಿತ್ತು, ಹೊಸ ಇಟ್ಟಿಗೆ ತರುವಂತಿರಲಿಲ್ಲ. ಪ್ರಾಗ್‌ನ ವೂಬೆ ಸಂಸ್ಥೆಯ ಫ್ಯಾಕ್ಟೋರಿಯೊ 2022ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಅಚ್ಚುಕಟ್ಟಾಗಿ ಬಂದಿತಾದರೂ ಕಂಪ್ಯೂಟರಿನಲ್ಲಿ ಅದರ ಆಯುಸ್ಸನ್ನು ಬೆಳೆಸಿದ ಮಾಡ್‌ಗಳು ಜೊತೆಗೆ ಬರಲಿಲ್ಲ.

ಕೌಂಟರ್ ಸ್ಟ್ರೈಕ್‌ನ ಕತೆ ಇನ್ನೂ ಖಾರವಾದದ್ದು. ಅದರ ಗ್ಲೋಬಲ್ ಅಫೆನ್ಸಿವ್ ಆವೃತ್ತಿ 2012ರಲ್ಲಿ ಕಂಪ್ಯೂಟರಿನ ಜೊತೆಗೇ ಎಕ್ಸ್‌ಬಾಕ್ಸ್ 360 ಮತ್ತು ಪ್ಲೇಸ್ಟೇಷನ್ 3ಕ್ಕೂ ಬಂತು. ಕಂಪ್ಯೂಟರಿನ ಆವೃತ್ತಿ ತಿಂಗಳು ತಿಂಗಳಿಗೆ ಬದಲಾಗುತ್ತ ಬೆಳೆಯಿತು. ಮುಂದೆ ಅದರ ಜನಪ್ರಿಯತೆಯ ಬೆನ್ನೆಲುಬಾದ, ಬಂದೂಕುಗಳಿಗೆ ಬಣ್ಣದ ಹೊದಿಕೆ ಕೊಂಡು ಮಾರುವ ವ್ಯವಸ್ಥೆ 2013ರಲ್ಲಿ ಸೇರಿತು. ಕನ್ಸೋಲಿನ ಆವೃತ್ತಿಗಳು ಮಾತ್ರ ಹುಟ್ಟಿದ ದಿನದ ಬಟ್ಟೆಯಲ್ಲೇ ಉಳಿದವು. 2023ರ ಕೌಂಟರ್ ಸ್ಟ್ರೈಕ್ 2 ಕನ್ಸೋಲಿನತ್ತ ತಿರುಗಿಯೂ ನೋಡಲಿಲ್ಲ. ಆಟ ಒಮ್ಮೆ ಬಂದರೆ ಸಾಲದು, ಬಂದ ಮೇಲೆ ಅದನ್ನು ಸಾಕುವವರು ಬೇಕು ಎಂಬುದನ್ನು ಕನ್ಸೋಲಿನ ಆಟಗಾರರು ಬೇಡುವಾಗ ನೆನೆಯುವುದು ಕಡಿಮೆ.

ಹಂಬಲ ಎದುರು ದಿಕ್ಕಿಗೂ ಹರಿಯುತ್ತದೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. 2010ರಲ್ಲಿ ಕನ್ಸೋಲುಗಳಿಗೆ ಬಂದ ರಾಕ್‌ಸ್ಟಾರ್ ಕಂಪನಿಯ ರೆಡ್ ಡೆಡ್ ರಿಡೆಂಪ್ಷನ್ ಕಂಪ್ಯೂಟರಿಗೆ ಬಂದದ್ದು 2024ರಲ್ಲಿ.

ಸೋಫಾ ಕಲಿಸಿದ್ದು

ಕನ್ಸೋಲಿಗೆ ಬಂದ ಆಟವೆಂದರೆ ಕಳೆದುಕೊಂಡು ಬಂದ ಆಟ ಎಂಬ ಅಭಿಪ್ರಾಯಕ್ಕೆ ಬಲವಾದ ಉತ್ತರ ಡಯಾಬ್ಲೊ 3. 2012ರಲ್ಲಿ ಕಂಪ್ಯೂಟರಿಗೆ ಬಂದಾಗ ಅದು ಒಬ್ಬರೇ ಆಡಿದರೂ ಇಂಟರ್ನೆಟ್ ಸಂಪರ್ಕ ಕೇಳುತ್ತಿತ್ತು, ಮತ್ತು ಆಟದಲ್ಲಿ ಸಿಗುವ ಕತ್ತಿ ಕವಚಗಳನ್ನು ನಿಜವಾದ ಹಣಕ್ಕೆ ಹರಾಜು ಹಾಕುವ ಪೇಟೆಯೊಂದನ್ನು ಒಳಗಿಟ್ಟುಕೊಂಡಿತ್ತು. ಒಳ್ಳೆಯ ಕತ್ತಿ ರಾಕ್ಷಸನನ್ನು ಕೊಂದರೆ ಸಿಗುವುದಕ್ಕಿಂತ ಪೇಟೆಯಲ್ಲಿ ಸುಲಭವಾಗಿ ಸಿಗುವಂತಾದ ಮೇಲೆ ರಾಕ್ಷಸರನ್ನು ಕೊಲ್ಲುವ ಉತ್ಸಾಹ ಕುಂದಿದ್ದರಲ್ಲಿ ಆಶ್ಚರ್ಯವಿಲ್ಲ. ಮರುವರ್ಷ ಕನ್ಸೋಲಿಗೆ ಬಂದ ರೂಪದಲ್ಲಿ ಆ ಹರಾಜುಪೇಟೆ ಇರಲಿಲ್ಲ, ಇಂಟರ್ನೆಟ್ ಕಡ್ಡಾಯವಾಗಿರಲಿಲ್ಲ, ಸಿಗುವ ವಸ್ತುಗಳು ಸಂಖ್ಯೆಯಲ್ಲಿ ಕಡಿಮೆಯಾಗಿ ಗುಣದಲ್ಲಿ ಹೆಚ್ಚಾಗಿದ್ದವು, ನಾಲ್ವರು ಒಂದೇ ಸೋಫಾದಲ್ಲಿ ಕುಳಿತು ಆಡಬಹುದಿತ್ತು. ನೆಲದ ಮೇಲೆ ಕ್ಲಿಕ್ ಮಾಡಿ ವೀರನನ್ನು ಕಳಿಸುವ ಬದಲು ಕೋಲಿನಿಂದ ನೇರವಾಗಿ ನಡೆಸುವುದು, ಇನ್ನೊಂದು ಕೋಲನ್ನು ತಳ್ಳಿದರೆ ಉರುಳಿ ಪಾರಾಗುವುದು ಹೊಸದಾಗಿ ಸೇರಿದವು. 2014ರ ಮಾರ್ಚಿನಲ್ಲಿ ಕಂಪ್ಯೂಟರಿನ ಆವೃತ್ತಿಯೂ ತನ್ನ ಹರಾಜುಪೇಟೆಯನ್ನು ಮುಚ್ಚಿತು.

ಮೈನ್‌ಕ್ರಾಫ್ಟ್‌ನಲ್ಲಿಯೂ ಇಂಥದೇ ಮರುಕೊಡುಗೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಒಂದು ಗುದ್ದಲಿ ಮಾಡಬೇಕಾದರೆ ಕಲ್ಲು, ಕಡ್ಡಿಗಳನ್ನು ಯಾವ ಚೌಕದಲ್ಲಿ ಇಡಬೇಕೆಂಬುದು ಆಟಗಾರನಿಗೆ ಬಾಯಿಪಾಠವಾಗಿರಬೇಕಿತ್ತು. ಸ್ಕಾಟ್ಲೆಂಡಿನ 4ಜೆ ಸ್ಟುಡಿಯೊಸ್ ಎಕ್ಸ್‌ಬಾಕ್ಸಿಗೆ ರೂಪಿಸಿದಾಗ, ಕೋಲಿನಿಂದ ಒಂದೊಂದೇ ತುಂಡನ್ನು ಜೋಡಿಸುವ ಯಾತನೆ ತಪ್ಪಿಸಲು ಮಾಡಬಹುದಾದ ವಸ್ತುಗಳ ಪಟ್ಟಿಯನ್ನೇ ಮುಂದಿಟ್ಟಿತು. ಕಂಪ್ಯೂಟರಿನ ಆವೃತ್ತಿಗೆ ಇಂಥ ಪಾಕಪುಸ್ತಕ ಬಂದದ್ದು 2017ರಲ್ಲಿ. ಬಾಲ್ಡರ್ಸ್ ಗೇಟ್ 3 ತಂದವರು ಇನ್ನೂ ಮುಂದೆ ಹೋಗಿ ಒಂದೇ ಆಟಕ್ಕೆ ಎರಡು ಮುಖ ಮಾಡಿದರು. ಕಂಪ್ಯೂಟರಿನಲ್ಲಿಯೂ ಕಂಟ್ರೋಲರ್ ಹಿಡಿದ ಕೂಡಲೇ ಕೆಳಗಿನ ಗುಂಡಿಗಳ ಸಾಲು ಮಾಯವಾಗಿ ವೃತ್ತಗಳು ಅರಳುತ್ತವೆ.

ಗುರಿ ಇಟ್ಟು ಗುಂಡು ಹಾರಿಸುವ ಸ್ಪರ್ಧೆಗಳಲ್ಲಿ ಮಾತ್ರ ಇಂಥ ರಾಜಿ ಸುಲಭವಲ್ಲ, ಏಕೆಂದರೆ ಅಲ್ಲಿ ಕೈಯ ನಿಖರತೆಯೇ ಆಟ. 2020ರಲ್ಲಿ ಕಂಪ್ಯೂಟರಿಗೆ ಬಂದ ವೆಲೊರೆಂಟ್ 2024ರಲ್ಲಿ ಕನ್ಸೋಲಿಗೆ ಬಂದಾಗ, ಒಂದು ಗುಂಡಿ ಹಿಡಿದರೆ ಗುರಿಯ ಚಲನೆ ನಿಧಾನವಾಗುವ ಹೊಸ ವಿಧಾನವೊಂದನ್ನು ಸೇರಿಸಿತು, ಜೊತೆಗೆ ಮೌಸು ಹಿಡಿದವರನ್ನೂ ಕಂಟ್ರೋಲರ್ ಹಿಡಿದವರನ್ನೂ ಒಂದೇ ಕಣಕ್ಕೆ ಇಳಿಸುವುದಿಲ್ಲವೆಂದು ನಿರ್ಧರಿಸಿತು. ಗರಡಿಯಲ್ಲಿ ತೂಕಕ್ಕೆ ತಕ್ಕ ಜೋಡಿ ನೋಡುವ ನ್ಯಾಯವೇ ಇದು.

ಇನ್ನೂ ಬಾರದ್ದು

ಎಲ್ಲಕ್ಕಿಂತ ದೀರ್ಘವಾಗಿ ಕಾಯಿಸಿದ್ದು ಸಾವಿರಾರು ಜನ ಒಂದೇ ಲೋಕದಲ್ಲಿ ಅಲೆಯುವ ಆಟವಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರ ನವೆಂಬರಿನಲ್ಲಿ ತೆರೆದುಕೊಂಡ ಆ ಲೋಕ ಕನ್ಸೋಲಿಗೆ ಬರದೆಯೇ ಎರಡು ದಶಕ ದಾಟಿದೆ. ಹತ್ತಾರು ಮಂತ್ರ, ಹೊಡೆತಗಳ ಗುಂಡಿಗಳನ್ನು ಪರದೆಯ ಕೆಳಗೆ ಸಾಲಾಗಿ ಜೋಡಿಸಿಕೊಂಡು ಆಡುವ ಇಂಥ ಆಟ ಕಂಟ್ರೋಲರಿಗೆ ಒಗ್ಗದು ಎಂಬ ವಾದವನ್ನು ಜಪಾನಿನ ಫೈನಲ್ ಫ್ಯಾಂಟಸಿ 14 ಎಂದೋ ಸುಳ್ಳಾಗಿಸಿದೆ: 2013ರಲ್ಲಿ ಮರುಹುಟ್ಟು ಪಡೆದು ಪ್ಲೇಸ್ಟೇಷನ್ 3ಕ್ಕೂ ಬಂದ ಆ ಆಟದಲ್ಲಿ ಕಂಟ್ರೋಲರಿನ ಹಿಂಬದಿಯ ಗುಂಡಿಯೊಂದನ್ನು ಒತ್ತಿ ಹಿಡಿದರೆ ಮುಂದಿನ ಎಂಟು ಗುಂಡಿಗಳಿಗೆ ಬೇರೆಯೇ ಅರ್ಥ ಬರುತ್ತದೆ, ಇನ್ನೊಂದನ್ನು ಒತ್ತಿದರೆ ಮತ್ತೊಂದು ಅರ್ಥ. ಒತ್ತಕ್ಷರ, ಗುಣಿತಗಳಿಂದ ಕೆಲವೇ ಮೂಲಾಕ್ಷರಗಳು ನೂರಾರಾಗುವ ಲಿಪಿಯನ್ನು ಓದುವವರಿಗೆ ಈ ಯುಕ್ತಿ ಹೊಸದೆನ್ನಿಸದು.

ವಾರ್‌ಕ್ರಾಫ್ಟ್ ಅಭಿಮಾನಿಗಳು ಕಂಪನಿಯ ದಾರಿ ಕಾಯಲಿಲ್ಲ. ಆಟಗಾರರು ಸಣ್ಣ ಪೂರಕಗಳನ್ನು ಬರೆದು ಸೇರಿಸಿಕೊಳ್ಳಲು ಆ ಆಟ ಮೊದಲಿನಿಂದಲೂ ಕೊಟ್ಟಿದ್ದ ಅವಕಾಶವನ್ನು ಬಳಸಿ, ಕನ್ಸೋಲ್‌ಪೋರ್ಟ್ ಎಂಬ ಪೂರಕದ ಮೂಲಕ ಇಡೀ ಆಟವನ್ನು ಕಂಟ್ರೋಲರಿಗೆ ಒಗ್ಗಿಸಿಕೊಂಡರು. 2020ರಲ್ಲಿ ಬ್ಲಿಝರ್ಡ್ ಕಂಪನಿ ಕಂಟ್ರೋಲರಿನ ಬೆಂಬಲವನ್ನು ತಾನೇ ಆಟದೊಳಗೆ ಸೇರಿಸಿತು, ಕನ್ಸೋಲಿಗೆ ಮಾತ್ರ ತರಲಿಲ್ಲ.

ಅಷ್ಟರಲ್ಲಿ ಕಂಪ್ಯೂಟರೇ ಮೇಜಿನಿಂದ ಇಳಿಯತೊಡಗಿತ್ತು. 2022ರಲ್ಲಿ ವಾಲ್ವ್ ಕಂಪನಿ ತಂದ ಸ್ಟೀಮ್ ಡೆಕ್, ಕೈಯಲ್ಲಿ ಹಿಡಿದು ಆಡುವ ಕನ್ಸೋಲಿನ ರೂಪದಲ್ಲಿದ್ದರೂ ಒಳಗೆ ಪೂರ್ತಿ ಕಂಪ್ಯೂಟರ್. ಅದರ ಎರಡು ಕೋಲುಗಳ ಕೆಳಗೆ ಎರಡು ಸಣ್ಣ ಚೌಕಗಳಿದ್ದು, ಅವುಗಳ ಮೇಲೆ ಹೆಬ್ಬೆರಳಾಡಿಸಿದರೆ ಮೌಸಿನ ಬಾಣವೇ ಓಡುತ್ತದೆ. ವಾರ್‌ಕ್ರಾಫ್ಟ್ ಅದರಲ್ಲಿ ತಾನಾಗಿ ಸಿಗುವುದಿಲ್ಲ. ತುಸು ಕಸರತ್ತು ಮಾಡಿ ಸ್ಥಾಪಿಸಿಕೊಳ್ಳಬೇಕು, ಹಾಗೆ ಸ್ಥಾಪಿಸಿಕೊಂಡವರು ಅದನ್ನು ಟೀವಿಗೆ ಸಿಕ್ಕಿಸಿ, ಕಂಟ್ರೋಲರ್ ಹಿಡಿದು, ಸೋಫಾದಲ್ಲಿ ಒರಗಿ ಆಡುತ್ತಾರೆ.